ರೊಟ್ಟಿ ಹೊತ್ತ ಸಿಂಬಿ

ಬೋಡಿನಾಯಕನೂರಿನಿಂದ ಕೊಟ್ಟಗುಡಿಯ ಬೆಟ್ಟಕ್ಕೆ ಹತ್ತುವ ದಾರಿಯಲ್ಲಿ ಆಗಿನ ಕಾಲಕ್ಕೆ ರೊಟ್ಟಿ ಅಯ್ಯಾವು ಎಂದರೆ ಗೊತ್ತಿಲ್ಲದವರಿರಲಿಲ್ಲ. ಹುಲ್ಲು ಹೊರುವ ಹೆಂಗಸರಿಗೆ ಗೊತ್ತು, ಏಲಕ್ಕಿ ಮೂಟೆಯ ಎತ್ತು ಹೊಡೆಯುವವರಿಗೆ ಗೊತ್ತು, ಮುಚ್ಚಳದ ಬಿದಿರುಬುಟ್ಟಿ ಕಂಡರೆ ಸಾಕು ಹಲ್ಲು ಕಿಸಿದು ಮರದಿಂದಿಳಿಯುವ ಕೋತಿಗಳಿಗೂ ಗೊತ್ತು. ಹೆಸರಿಗೇ ರೊಟ್ಟಿ ಅಂಟಿಕೊಂಡಿದ್ದರೂ ಆ ಮನುಷ್ಯ ಅದರ ಒಂದು ತುಣುಕನ್ನು ಬಾಯಿಗಿಟ್ಟವನಲ್ಲ. ಒಂದೇ ಒಂದು ಸಲ ಇಟ್ಟ. ಅದು ಯಾಕೆ ಎಂದು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದಲೇ ಶುರು ಮಾಡಬೇಕು.

ರೊಟ್ಟಿ ಎಂದರೆ ಹೆಂಚಿನ ಮೇಲೆ ಬಡಿಯುವ ನಮ್ಮ ರೊಟ್ಟಿಯಲ್ಲ. ದೊರೆಗಳು ಬೆಳಗೆದ್ದು ಬೆಣ್ಣೆ ಸವರಿಕೊಂಡು ತಿನ್ನುವ, ದಿಂಬಿನ ಹಾಗೆ ಉಬ್ಬಿದ ಬ್ರೆಡ್ಡು. ಪೆರಿಯಾರ್ ಹೊಳೆಗೆ ಅಣೆ ಕಟ್ಟಿ, ಬೆಟ್ಟ ಕೊರೆದು, ನೀರನ್ನು ಕಂಬಂ ಕಣಿವೆಗೆ ತಿರುಗಿಸಿದ ವರ್ಷಗಳು ಅವು. ಆ ಬೆಟ್ಟದಲ್ಲಿ ಅಣೆಯ ದೊರೆಗಳು, ಈ ಬೆಟ್ಟದಲ್ಲಿ ಕಾಫಿ ತೋಟದ ದೊರೆಗಳು. ಕಾಡು ಕಡಿದು ಬಂಗಲೆ ಕಟ್ಟಿಕೊಂಡು, ಜಿಗಣೆ ಕಚ್ಚಿಸಿಕೊಂಡು, ಚಳಿಜ್ವರದಲ್ಲಿ ನಡುಗುತ್ತಾ ಮಲಗಿದ್ದರೂ ಅವರಿಗೆ ಬೆಳಗ್ಗೆ ರೊಟ್ಟಿ ಮಾತ್ರ ಆಗಲೇಬೇಕು. ಈ ಹಟವನ್ನು ನಂಬಿಕೊಂಡು ದಿಂಡಿಗಲ್ಲಿನಿಂದ ಬೋಡಿಗೆ ಬಂದು ಕೂತವನು ಸವರಿಮುತ್ತು.

ಸವರಿಮುತ್ತು ಯಾರೋ ರೈಲ್ವೆ ದೊರೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ರೊಟ್ಟಿ ಸುಡುವುದನ್ನು ಕಲಿತಿದ್ದ. ಬೋಡಿಯ ಪಡುವಣ ತುದಿಯಲ್ಲಿ ಇಟ್ಟಿಗೆ ಮಣ್ಣಿನಿಂದ ಗುಡ್ಡದಂಥ ಒಲೆಯೊಂದನ್ನು ಕಟ್ಟಿಸಿದ. ಊರವರು ಆ ಜಾಗವನ್ನು ರೊಟ್ಟಿ ಕಿಡಂಗು, ಎಂದರೆ ರೊಟ್ಟಿಯ ಮಳಿಗೆ, ಎಂದು ಕರೆದರು. ಮೈದಾ ದಿಂಡಿಗಲ್ಲಿನ ತನಕ ರೈಲಿನಲ್ಲಿ, ಅಲ್ಲಿಂದಾಚೆಗೆ ಗಾಡಿಯಲ್ಲಿ ಬಂದು ಸೇರುವಷ್ಟರಲ್ಲಿ ಅದರಲ್ಲಿ ಹುಳಗಳ ಸಂಸಾರ ಬೆಳೆದಿರುತ್ತಿತ್ತು. ಜರಡಿ ಹಿಡಿದು ಹುಳ ತೆಗೆದು, ತಾಳೆಮರದಿಂದ ಆಗತಾನೆ ಇಳಿಸಿದ ಕಳ್ಳನ್ನು ಹುಯ್ದು ನಾದಿ, ಒದ್ದೆ ಗೋಣಿ ಮುಚ್ಚಿಟ್ಟರೆ ಹಿಟ್ಟು ಬಸುರಿಯ ಹೊಟ್ಟೆಯ ಹಾಗೆ ಉಬ್ಬುತ್ತಿತ್ತು. ಕಳ್ಳಿಲ್ಲದಿದ್ದರೆ ರೊಟ್ಟಿ ಇಲ್ಲ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಅಯ್ಯಾವುವಿನ ಗೋಳೆಲ್ಲ ಇದರಿಂದಲೇ ಹುಟ್ಟಿದ್ದು.

ಬೋಡಿಯಿಂದ ಬೆಟ್ಟಕ್ಕೆ ಹೋಗುವ ದಾರಿಯ ಮಗ್ಗುಲಲ್ಲೇ ಅಯ್ಯಾವುವಿನ ಹಟ್ಟಿ. ಯಾವ ಕಾಲದಲ್ಲೋ ಮೈಸೂರು ಸೀಮೆಯಿಂದ ದನ ಹೊಡೆದುಕೊಂಡು ಇಳಿದು ಬಂದ ಕನ್ನಡದ ಒಕ್ಕಲುಗಳು. ಹೊಸ್ತಿಲ ಒಳಗೆ ಕನ್ನಡ, ಹೊಸ್ತಿಲ ಆಚೆಗೆ ತಮಿಳು. ಜೊತೆಯಲ್ಲಿ ತಂದದ್ದರಲ್ಲಿ ಅವರು ಕಳೆದುಕೊಳ್ಳದೆ ಉಳಿಸಿಕೊಂಡದ್ದು ಎರಡೇ, ಮನೆಮಾತು ಮತ್ತು ದೇವರಾವು. ದೇವರಾವು ಎಂದರೆ ದೇವರ ಮಂದೆ. ಅದು ಯಾರೊಬ್ಬರ ಸ್ವತ್ತೂ ಅಲ್ಲ. ಅದರ ಹಾಲನ್ನು ಮಾರುವಂತಿಲ್ಲ, ಅದರ ಹೋರಿಗೆ ನೊಗ ಹೂಡುವಂತಿಲ್ಲ, ಅದರ ದೊಡ್ಡಿಗೆ ಮೆಟ್ಟು ಮೆಟ್ಟಿಕೊಂಡು ಹೋಗುವಂತಿಲ್ಲ. ಕಳ್ಳು ಮುಟ್ಟಿದವನು ಮುಳುಗಿ ಎದ್ದ ಹೊರತು ಅದರ ನೆರಳಿಗೂ ಬರುವಂತಿಲ್ಲ. ಆ ಮಂದೆಗೆಲ್ಲ ಹಿರಿದು ಪಟ್ಟದ ಗೂಳಿ. ಹಟ್ಟಿಯ ಮಟ್ಟಿಗೆ ಅದೇ ದೊರೆ, ಅದೇ ದೇವರು.

ಮಂದೆ ಕಾಯುವ ಹಕ್ಕು ಅಯ್ಯಾವುವಿನ ಮನೆತನದ್ದು. ಅಣ್ಣ ಪೆರಿಯಣ್ಣನ್ ಕಾಯುತ್ತಿದ್ದ. ತಮ್ಮ ಅಯ್ಯಾವು ಹೇರೆತ್ತಿನ ಮೇಲೆ ಅಕ್ಕಿ ಹೇರಿಕೊಂಡು ತೋಟಗಳಿಗೆ ಹೋಗುತ್ತಿದ್ದವನು. ಒಂದು ಮಳೆಗಾಲದಲ್ಲಿ ಎತ್ತು ಕಾಲು ಜಾರಿ ಮೂಟೆಯ ಸಮೇತ ಕಮರಿಗೆ ಬಿತ್ತು, ಅವನ ಕಸುಬೂ ಅದರ ಜೊತೆಗೇ ಹೋಯಿತು. ಕೈ ಕಟ್ಟಿ ಕೂತಿದ್ದವನನ್ನು ಸವರಿಮುತ್ತು ಕರೆದು ಬುಟ್ಟಿ ಹೊರಿಸಿದ.

ಅಣ್ಣನಿಗೆ ಇದು ಹಿಡಿಸಲಿಲ್ಲ. ಆದರೂ ತಮ್ಮನ ಹೊಟ್ಟೆಯ ಮೇಲೆ ಹೊಡೆಯುವ ಮನುಷ್ಯನಲ್ಲ ಅವನು.

"ನೋಡ್ಲಾ ತಂಬಿ, ಕುಡಿಯೋದಿಲ್ಲ, ಹೊರ್ತೀಯ, ಅಷ್ಟೆ. ಹೊತ್ಕೊ. ಆ ಬುಟ್ಟಿ ಮಾತ್ರ ಹುಣಸೆಮರ ದಾಟಿ ಹಟ್ಟಿ ಒಳಗೆ ಬರ್ಕೂಡ್ದು. ನೀನು ಮುಳುಗಾಕದೆ ದೊಡ್ಡಿ ಹತ್ರ ಸುಳಿಕೂಡ್ದು. ಆ ರೊಟ್ಟಿ ನಮ್ಮ ಮನೇಲಿ ಯಾರ ಬಾಯಿಗೂ ಹೋಗ್ಕೂಡ್ದು. ಸರೀನಾ?"

"ಸರಿ ಅಣ್ಣಾ," ಎಂದ ಅಯ್ಯಾವು.

ಆ ಮಾತನ್ನು ಅವನು ಅಕ್ಷರಕ್ಕಕ್ಷರ ನಡೆಸಿಕೊಂಡ. ಕೋಳಿ ಕೂಗುವ ಹೊತ್ತಿಗೆ ಬೋಡಿಗೆ ಹೋಗಿ ರೊಟ್ಟಿ ತುಂಬಿಕೊಳ್ಳುವುದು, ಹಟ್ಟಿಯ ಪಕ್ಕದಿಂದಲೇ ಬೆಟ್ಟಕ್ಕೆ ಹತ್ತುವುದು, ಸಂಜೆಗೆ ಬಂಗಲೆ ಮುಟ್ಟಿ ಮಾರನೆಯ ದಿನ ಇಳಿಯುವುದು. ಬುಟ್ಟಿಯ ಅಡಿಗೆ ತಲೆಯ ಮೇಲೊಂದು ಸಿಂಬಿ: ಹಳೆಯ ಪಂಚೆಯನ್ನು ಹುರಿ ಮಾಡಿ ಸುತ್ತಿದ್ದು. ಬುಟ್ಟಿಯ ಬಿಸಿ, ರೊಟ್ಟಿಯ ಆವಿ, ಅವನ ಬೆವರು ಎಲ್ಲ ಇಳಿದಿಳಿದು ಆ ಬಟ್ಟೆ ವಾಸನೆಯಲ್ಲಿ ರೊಟ್ಟಿಯ ತಮ್ಮನಂತಾಗಿತ್ತು. ಬಂಗಲೆಯ ಬಟ್ಲರ್ ಒಂದೊಂದು ರೊಟ್ಟಿಯನ್ನೂ ಮದುವೆಗೆ ಹೆಣ್ಣು ನೋಡುವವನ ಹಾಗೆ ತಿರುಗಿಸಿ, ಅದುಮಿ, ಮೂಸಿ ನೋಡಿ, ನೆನೆದದ್ದು ಜಜ್ಜಿದ್ದನ್ನೆಲ್ಲ ವಾಪಸು ಬುಟ್ಟಿಗೆ ಎಸೆಯುತ್ತಿದ್ದ. ಮಳೆಗಾಲದಲ್ಲಂತೂ ಬುಟ್ಟಿಯ ಕಾಲುಭಾಗ ತಿರುಗಿ ಬರುತ್ತಿತ್ತು.

ಆ ತಿರುಗಿ ಬಂದ ರೊಟ್ಟಿಯನ್ನು ಏನು ಮಾಡಬೇಕು? ಮನೆಗೆ ಒಯ್ಯುವಂತಿಲ್ಲ. ಸವರಿಮುತ್ತುವಿಗೆ ಬೇಡ. ಬಿಸಾಡಲು ಕೈ ಬರುವುದಿಲ್ಲ, ಅನ್ನವಲ್ಲವೇ! ಕೋತಿಗಳಿಗೆ ಹಾಕುತ್ತಿದ್ದ. ಹಾಗೇ ನಡೆದುಕೊಂಡು ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಒಂದು ಆಡಿ ತಿಂಗಳಲ್ಲಿ, ಎಂದರೆ ಆಷಾಢದಲ್ಲಿ, ಮಂದೆಯ ಹಸುವೊಂದು ಕರು ಹಾಕಿ ಸತ್ತಿತು. ಗಂಡುಕರು, ಮಯಿಲ ಬಣ್ಣ. ಮಳೆಮೋಡಕ್ಕೆ ಸ್ವಲ್ಪ ಹಾಲು ಬೆರೆಸಿದಂಥ ಬೂದು. ಬೇರೆ ಹಸುಗಳು ಅದನ್ನು ಕೆಚ್ಚಲಿಗೆ ಸೇರಿಸಲಿಲ್ಲ, ಒದ್ದು ಅಟ್ಟಿದವು. ಪೆರಿಯಣ್ಣನ್ ಬೆರಳಿಗೆ ಹಾಲು ಅದ್ದಿ ಚೀಪಿಸಿ ನೋಡಿದ, ಬಿದಿರ ಗೊಟ್ಟದಲ್ಲಿ ಹುಯ್ದು ನೋಡಿದ. ಕರು ಕಾಲು ಮಡಿಸಿ ಮಲಗಿತು. "ಸಾಮಿ ಕೊಟ್ಟದ್ದು ಸಾಮಿಗೇ," ಎಂದು ಅವನು ಮುಖ ತಿರುಗಿಸಿಕೊಂಡು ಹೋದ.

ಬೆಟ್ಟದಿಂದ ಇಳಿದು ಬಂದ ಅಯ್ಯಾವು ದೊಡ್ಡಿಯಿಂದಾಚೆ, ದಾರಿಯ ಹಳ್ಳದ ಬದಿಯಲ್ಲಿ ಆ ಕರು ಬಿದ್ದಿರುವುದನ್ನು ಕಂಡ. ಕಮರಿಗೆ ಬಿದ್ದ ತನ್ನ ಎತ್ತು ನೆನಪಾಯಿತೋ ಏನೋ, ಬುಟ್ಟಿ ಇಳಿಸಿ ಅದರ ಪಕ್ಕ ಕೂತ. ಬುಟ್ಟಿಯಲ್ಲಿ ತಿರುಗಿ ಬಂದ ರೊಟ್ಟಿ ಇತ್ತು. ಒಳಗಿನ ಬಿಳಿಯ ಮೆತ್ತನೆಯ ತಿರುಳನ್ನು ಕಿತ್ತು, ಹಳ್ಳದ ನೀರಲ್ಲಿ ನೆನೆಸಿ, ಕರುವಿನ ಬಾಯಿಗೆ ಹಿಡಿದ. ಹಾಲನ್ನೇ ಒಲ್ಲೆನೆಂದ ಕರು ಆ ರೊಟ್ಟಿಯನ್ನು ಚೀಪಿತು. ಚೀಪಿ, ಅವನ ಬೆರಳನ್ನೂ ಬಿಡಲಿಲ್ಲ. ಅಯ್ಯಾವುವಿಗೆ ಅಳು ಬಂತು, ನಗುವೂ ಬಂತು.

ತಪ್ಪು ಎಂದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಒಲೆಯ ಬೆಂಕಿಯಲ್ಲಿ ಕಳ್ಳೆಲ್ಲ ಸುಟ್ಟು ಹೋಗಿರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಕರುವಿಗೆ ಬಲ ಬರಲಿ, ಆಮೇಲೆ ನಿಲ್ಲಿಸಿದರಾಯಿತು ಎಂದುಕೊಂಡ. ನಮ್ಮ ತಪ್ಪುಗಳಿಗೆ ನಾವೇ ವಕಾಲತ್ತು ವಹಿಸುವಾಗ ಎಲ್ಲರಿಗೂ ಮಾತು ಚೆನ್ನಾಗಿಯೇ ಬರುತ್ತದೆ. ಕರು ಎದ್ದು ನಿಂತಿತು. ಹಾಲು ಕುಡಿಯಿತು, ಹುಲ್ಲು ಕಚ್ಚಿತು. ತಮ್ಮನ ಕೈಗುಣ ದೊಡ್ಡದೆಂದು ಪೆರಿಯಣ್ಣನ್ ಹಟ್ಟಿಯಲ್ಲೆಲ್ಲ ಹೇಳಿಕೊಂಡು ಬಂದ. ನಿಜ ಗೊತ್ತಿದ್ದವಳು ಅಯ್ಯಾವುವಿನ ಹೆಂಡತಿ ವೀರಮ್ಮಾಳ್ ಒಬ್ಬಳೇ. ಅವಳು ಸೋದರಮಾವನ ಮಗಳು, ಗಂಡನನ್ನು ಮಾಮಾ ಎಂದು ಕರೆಯುವವಳು; ಅವನಿಗೆ ಅವಳು ಪುಳ್ಳೆ, ಎಂದರೆ ಹುಡುಗಿ. "ಬ್ಯಾಡ ಮಾಮಾ, ಇದು ನಿಮಗೆ ಸುತ್ಕೋತದೆ," ಎಂದು ಆಗಲೇ ಅಂದಿದ್ದಳು. ಅಯ್ಯಾವು ಮಾತ್ರ ನಿಲ್ಲಿಸಲಿಲ್ಲ. ಮಯಿಲ ಬೆಳೆದು ಹೋರಿಯಾದ ಮೇಲೂ, ದಾರಿಯಲ್ಲಿ ಎದುರಾದಾಗ ಬುಟ್ಟಿಯಿಂದ ಒಂದು ತುಂಡು ಮುರಿದು ಕೊಡುತ್ತಿದ್ದ. ಅದು ಅವರಿಬ್ಬರ ಗುಟ್ಟಿನ ಸ್ನೇಹವಾಗಿತ್ತು, ಆ ಸ್ನೇಹವಿಲ್ಲದೆ ಅವನಿಗೆ ಬೆಟ್ಟ ಹತ್ತಲು ಮನಸ್ಸು ಬರುತ್ತಿರಲಿಲ್ಲ.

ಹೀಗಿರುವಾಗ ಪಟ್ಟದ ಗೂಳಿ ಮುಪ್ಪಾಗಿ ಸತ್ತಿತು. ಮನೆಯ ಹಿರಿಯನನ್ನು ಮಣ್ಣು ಮಾಡುವ ಹಾಗೆ ಹಟ್ಟಿಯವರೆಲ್ಲ ತಲೆಗೆ ನೀರು ಹುಯ್ದುಕೊಂಡು ಅದನ್ನು ಮಣ್ಣು ಮಾಡಿದರು. ಇನ್ನು ಹೊಸದಕ್ಕೆ ಪಟ್ಟ ಕಟ್ಟಬೇಕು. ಆರಿಸುವವರು ಮನುಷ್ಯರಲ್ಲ. ಬಯಲಿನ ನಡುವೆ ಕಬ್ಬಿನ ಕಟ್ಟೊಂದನ್ನು ಇಟ್ಟು, ಮಂದೆಯ ಹೋರಿಗಳನ್ನೆಲ್ಲ ಬಿಡುತ್ತಾರೆ. ಯಾವುದು ತಾನಾಗಿ ಮೊದಲು ಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಅದರ ಮೇಲೆ ದೇವರ ಕಣ್ಣು ಬಿದ್ದಿದೆ ಎಂದು ಲೆಕ್ಕ. ಕಬ್ಬು ಹೊತ್ತು ತರುವುದು ಮಂದೆ ಕಾಯುವವನ ತಮ್ಮನ ಹಕ್ಕು.

ಅಯ್ಯಾವು ಆ ದಿನ ಬುಟ್ಟಿ ಮುಟ್ಟಲಿಲ್ಲ. ಹೊಳೆಯಲ್ಲಿ ಮುಳುಗಿದ, ಮಡಿ ಪಂಚೆ ಉಟ್ಟ, ಹಣೆಗೆ ವಿಭೂತಿ ಬಳಿದುಕೊಂಡ. ಬೋಡಿಯ ಗದ್ದೆಯಲ್ಲಿ ಕಬ್ಬು ಕಡಿಸಿ, ಕಟ್ಟು ಕಟ್ಟಿ, ತಲೆಗೆತ್ತಿಕೊಳ್ಳುವಾಗ ಬರುವಾಗ ಹುಣಸೆಮರದ ಗೂಟದಿಂದ ತೆಗೆದು ತಂದಿದ್ದ ಸಿಂಬಿಯನ್ನು ತಲೆಯ ಮೇಲೆ ಇಟ್ಟುಕೊಂಡ. ತಲೆಹೊರೆಯವನಿಗೆ ಸಿಂಬಿ ಎಂದರೆ ಮೈಯ ಅಂಗ. ಉಟ್ಟದ್ದನ್ನೆಲ್ಲ ಬದಲಿಸಿದವನಿಗೆ ಅದೊಂದು ಬಟ್ಟೆ ಎಂಬುದೇ ನೆನಪಾಗಲಿಲ್ಲ. ಬಯಲಿಗೆ ಬಂದು ಹೊರೆ ಇಳಿಸುವಾಗ ಕಟ್ಟಿದ ಬಾಳೆಯ ನಾರು ಹರಿದು ಕಬ್ಬು ಹರಡಿಕೊಂಡಿತು. ಜನ ಕಾಯುತ್ತಿದ್ದರು. ಕೈಗೆ ಸಿಕ್ಕ ಸಿಂಬಿಯ ಬಟ್ಟೆಯನ್ನು ಬಿಚ್ಚಿ, ಕಬ್ಬಿಗೆ ಸುತ್ತಿ, ಗಂಟು ಬಿಗಿದು ಈಚೆಗೆ ಬಂದ.

ಹಟ್ಟಿಯ ಹಿರಿಯ ಕರುಪ್ಪಯ್ಯ ಗೌಡ ಕರ್ಪೂರ ಹಚ್ಚಿದ. ಹೋರಿಗಳನ್ನು ಬಿಟ್ಟರು. ಅವು ದಿಕ್ಕಿಗೊಂದಾಗಿ ನಿಂತು ಬಾಲ ಬೀಸಿದವು. ಮಯಿಲ ಮೂಗೆತ್ತಿತು. ಹೊಳ್ಳೆ ಅರಳಿಸಿ, ಗಾಳಿ ಎಳೆದು, ಎಡಬಲ ನೋಡದೆ ನೆಟ್ಟಗೆ ಕಟ್ಟಿನ ಹತ್ತಿರ ಬಂತು. ಕಬ್ಬಿಗೆ ಬಾಯಿ ಹಾಕುವ ಮೊದಲು ಸಿಂಬಿಯ ಬಟ್ಟೆಯನ್ನು ಮೂಸಿತು, ಉದ್ದನೆಯ ನಾಲಿಗೆ ಚಾಚಿ ಅದನ್ನು ನೆಕ್ಕಿತು. ಆಮೇಲೆ ಬಟ್ಟೆಯ ಜೊತೆಗೇ ಒಂದು ಜಲ್ಲೆಯನ್ನು ಕಚ್ಚಿತು. ಹೆಂಗಸರು ನಾಲಿಗೆ ಹೊರಳಿಸಿ ಕುಲವೆ ಹಾಕಿದರು. ಗಂಡಸರು ನೆಲಕ್ಕೆ ಬಿದ್ದರು. ನಿಂತುಕೊಂಡೇ ಇದ್ದವನು ಅಯ್ಯಾವು ಒಬ್ಬ. ಅವನ ಕಣ್ಣು ಸಿಂಬಿಯ ಬಟ್ಟೆಯ ಮೇಲೇ ಇತ್ತು. ಪೆರಿಯಣ್ಣನ್ ಓಡಿ ಬಂದು ತಬ್ಬಿಕೊಂಡು ಗೊಳೋ ಎಂದು ಅತ್ತ.

"ನೀ ಉಳಿಸಿದ ಕರು ಕಣ್ಲಾ ತಂಬಿ! ನಮ್ಮ ಸಾಮಿ ಕಣ್ ಬುಟ್ಟ ನೋಡು!"

ಆಗಲೇ ಹೇಳಿಬಿಡಬಹುದಿತ್ತು. ಕಬ್ಬು ಕರೆದದ್ದಲ್ಲ, ರೊಟ್ಟಿಯ ಬಟ್ಟೆ ಕರೆದದ್ದು ಎಂದು. ಆದರೆ ಹಟ್ಟಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಒಂದು ಹಳೆಯ ಸಂಗತಿ ಅವನ ಬಾಯಿ ಕಟ್ಟಿತು. ತಾತನ ಕಾಲದಲ್ಲಿ ಯಾವನೋ ಕಬ್ಬಿಗೆ ಉಪ್ಪು ಸವರಿ ತಾನು ಮೆಚ್ಚಿದ ಹೋರಿಗೆ ಪಟ್ಟ ಬರಿಸಿದ್ದ. ಗೊತ್ತಾದ ಮೇಲೆ ಆ ಮನೆಯವರನ್ನು ಮಂದೆಯಿಂದ ಹೊರಗಿಟ್ಟರು. ಸುಳ್ಳು ಪಟ್ಟದ ಹೋರಿಯ ಕಿವಿ ಸೀಳಿ ಆಂಡಿಪಟ್ಟಿಯ ಸಂತೆಗೆ ಹೊಡೆದರು. ತಾತನ ಕಾಲದಲ್ಲಿ ಹಾಗೆ ಹೋದ ಹೋರಿಯನ್ನು ಯಾವನಾದರೂ ರೈತ ಕೊಂಡು ಹೂಡುತ್ತಿದ್ದ. ಈಗ ಆಂಡಿಪಟ್ಟಿಯ ಸಂತೆಯಲ್ಲಿ ಕಿವಿ ಸೀಳಿದ ದನಕ್ಕೆ ಕಾದು ಕೂತಿರುವವರು ದಿಂಡಿಗಲ್ಲಿನ ತೊಗಲು ವ್ಯಾಪಾರದವರು. ಮಯಿಲದ ಬೂದು ಮೈ ತೊಗಲು ಹದ ಮಾಡುವ ಸುಣ್ಣದ ಗುಂಡಿಯಲ್ಲಿ ಮುಳುಗುವುದು ಅವನ ಕಣ್ಣಿಗೆ ಕಟ್ಟಿತು. ಅವನು ಅಣ್ಣನ ಹೆಗಲಿಗೆ ಮುಖ ಒತ್ತಿಕೊಂಡ. ಕಟ್ಟು ಬಿಚ್ಚಿದಾಗ ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಇನ್ನು ಮೇಲೆ ಒಂದು ತುಂಡೂ ಕೊಡಬಾರದು, ಅದು ಮರೆಯುತ್ತದೆ ಎಂದು ಗಟ್ಟಿ ಮಾಡಿಕೊಂಡ. ಮರೆಯುವುದಕ್ಕೆ ಅದೇನು ಮನುಷ್ಯನೇ! ಕೊಂಬಿಗೆ ಅರಿಶಿನ ಬಳಿದುಕೊಂಡು, ಕೊರಳಿಗೆ ಗಂಟೆ ಕಟ್ಟಿಸಿಕೊಂಡು, ಮಂದೆಯ ಮುಂದೆ ನಡೆಯಬೇಕಾದ ಪಟ್ಟದ ಗೂಳಿ, ಅಯ್ಯಾವು ಬುಟ್ಟಿ ಹೊತ್ತು ಬರುವ ಹೊತ್ತಿಗೆ ಮೇವು ಬಿಟ್ಟು ಬಂದು ದಾರಿಗೆ ಅಡ್ಡ ನಿಲ್ಲತೊಡಗಿತು. ಅವನು ಬಲಕ್ಕೆ ಸರಿದರೆ ಬಲಕ್ಕೆ, ಎಡಕ್ಕೆ ಸರಿದರೆ ಎಡಕ್ಕೆ. ಪಟ್ಟದ ಗೂಳಿಯ ಮೇಲೆ ಕೋಲೆತ್ತುವ ಹಾಗಿಲ್ಲ, ಗದರಿಸುವ ಹಾಗೂ ಇಲ್ಲ. ಅಯ್ಯಾವು ಗದ್ದೆ ಬದು ಹಾರಿ, ಮುಳ್ಳು ತುಳಿದು ಸುತ್ತಿಕೊಂಡು ಹೋಗುತ್ತಿದ್ದ. ಹಿಂದೆ ಗಂಟೆಯ ಸದ್ದು ಹಳ್ಳದ ತನಕ ಬರುತ್ತಿತ್ತು. ಕೊಡಬಾರದೆಂದು ಹಿಡಿದುಕೊಂಡ ಕೈ ನೋಯುತ್ತಿತ್ತು.

ಹಟ್ಟಿಯ ಕಣ್ಣಿಗೆ ಇದು ಬೀಳದಿರುತ್ತದೆಯೇ? ಪಟ್ಟದ ಗೂಳಿ ರೊಟ್ಟಿ ಬುಟ್ಟಿಯನ್ನು ಬೆಟ್ಟಕ್ಕೆ ಬಿಡುತ್ತಿಲ್ಲ, ದೇವರಿಗೆ ಕಳ್ಳಿನ ವಾಸನೆ ಆಗಿಬರುತ್ತಿಲ್ಲ ಎಂದು ಬಾಯಿಂದ ಬಾಯಿಗೆ ಹರಡಿತು. ಕರುಪ್ಪಯ್ಯ ಗೌಡ ಬೇವಿನ ಕಟ್ಟೆಯ ಮೇಲೆ ಕೂಟ ಸೇರಿಸಿದ. ಕೂಟದವರಿಗೆಲ್ಲ ದೇವರ ಮನಸ್ಸು ಆಗಲೇ ತಿಳಿದುಹೋಗಿತ್ತು. ದೇವರ ಮನಸ್ಸು ತಿಳಿಯಲು ಕೆಲವರಿಗೆ ಎಳ್ಳಷ್ಟೂ ಕಷ್ಟವಾಗುವುದಿಲ್ಲ.

"ಅಯ್ಯಾವು, ಪಟ್ಟಕ್ಕೂ ನಿನ್ ಬುಟ್ಟಿಗೂ ಏನ್ಲಾ ಪಗೆ?" ಎಂದು ಗೌಡ ಕೇಳಿದ. "ನಿಂಗೇನಾರಾ ತೆರಿಯುಮಾ?"

ಅಯ್ಯಾವು ಅಣ್ಣನ ಕಡೆ ನೋಡಿದ. ಪೆರಿಯಣ್ಣನ್ ತಲೆ ತಗ್ಗಿಸಿ ಕೂತಿದ್ದ. ತಮ್ಮನಿಗಾಗಿ ನಾಚಿ, ತಮ್ಮನಿಗಾಗಿಯೇ ಹೆದರಿ.

"ಗೊತ್ತಿಲ್ಲ ದೊಡ್ಡಪ್ಪ," ಎಂದ ಅಯ್ಯಾವು.

"ಹಂಗಾದ್ರೆ ಬುಟ್ಟಿ ಇಳ್ಸು. ಸಾಮಿ ಅಡ್ಡ ನಿಂತ ದಾರೀಲಿ ನಡ್ದು ನೀ ಒಬ್ಬ ಹಾಳಾದ್ರೆ ಪರ್ವಾಗಿಲ್ಲ, ಹಟ್ಟಿಗೆ ಬಂದ್ರೆ?"

ಅಯ್ಯಾವು ಬುಟ್ಟಿ ಇಳಿಸಿದ. ಅನ್ನದ ದಾರಿಯನ್ನು ಮುಚ್ಚಿಕೊಂಡು ಸುಳ್ಳನ್ನು ಉಳಿಸಿಕೊಂಡ ಎನ್ನಿ. ಅವನ ಮಟ್ಟಿಗೆ ಉಳಿದದ್ದು ಸುಳ್ಳಲ್ಲ, ಮಯಿಲ.

ಮನೆಯಲ್ಲಿ ಒಲೆ ದಿನಕ್ಕೊಂದು ಹೊತ್ತು ಉರಿಯುವಂತಾಯಿತು. ವೀರಮ್ಮಾಳ್ ಕಂಡವರ ಹೊಲದಲ್ಲಿ ಕಳೆ ಕೀಳಲು ಹೋದಳು. ಅಯ್ಯಾವು ಹುಣಸೆಮರದ ಕೆಳಗೆ ಕೂತಿರುತ್ತಿದ್ದ. ಬುಟ್ಟಿ ನಿಂತ ಮೇಲಾದರೂ ಮಯಿಲ ಮಂದೆಗೆ ಮನಸ್ಸು ಕೊಟ್ಟೀತು ಎಂದು ಅವನ ಲೆಕ್ಕ. ಅದು ತಿರುಗುಮುರುಗಾಯಿತು. ಒಂದು ಬೆಳಗ್ಗೆ ಸವರಿಮುತ್ತು ಏದುಸಿರು ಬಿಡುತ್ತಾ ಮರದ ಹತ್ತಿರ ಬಂದ. ಮೈಮೇಲೆ ಇನ್ನೂ ಹಿಟ್ಟು ಹಾಗೇ ಇತ್ತು.

"ಅಯ್ಯಾವು, ನಿಮ್ಮ ಸಾಮಿಮಾಡು, ಆ ದೇವರ ಗೂಳಿ, ನನ್ನ ಕಿಡಂಗಿನ ಬಾಗಿಲಿಗೇ ಬಂದು ನಿಂತಿತ್ತಪ್ಪಾ!" ಎಂದು ತಮಿಳಿನಲ್ಲಿ ಹೇಳಿದ. "ಗಂಟೆ ಸದ್ದು ಕೇಳಿ ಈಚೆ ಬಂದರೆ, ಒಲೆಯೊಳಕ್ಕೇ ಮುಖ ಹಾಕುವಂತಿದೆ. ಯಾರೂ ನೋಡುವ ಮೊದಲು ಹಿತ್ತಲಿಂದ ದಾಟಿಸಿದೆ. ನಾಳೆಯೂ ಬರುತ್ತದೆ. ಬೋಡಿಯ ಜನ ಕುರುಡರಲ್ಲ."

ಅಯ್ಯಾವು ಎದ್ದು ದೊಡ್ಡಿಯ ಕಡೆ ನೋಡಿದ. ಪಟ್ಟದ ಗೂಳಿ ಕಳ್ಳಿನ ರೊಟ್ಟಿ ತಿನ್ನುವುದನ್ನು ಒಬ್ಬ ಕಂಡರೂ ಸಾಕು. ಯಾರು ರೂಢಿ ಮಾಡಿಸಿದರು ಎಂದು ಕೇಳುತ್ತಾರೆ, ಕಬ್ಬಿನ ಕಟ್ಟಿಗೆ ಸುತ್ತಿದ್ದ ಬಟ್ಟೆ ಯಾರಿಗಾದರೂ ನೆನಪಾಗುತ್ತದೆ. ಆಮೇಲೆ ಕಿವಿ ಸೀಳುವ ಕತ್ತಿ, ಆಂಡಿಪಟ್ಟಿಯ ದಾರಿ.

ಉಣ್ಣಲು ಕೂತಾಗ ಅವನು ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಮುದ್ದೆಯ ತಟ್ಟೆಯನ್ನು ಅವನ ಮುಂದೆ ಸರಿಸಿ ಹೇಳಿದಳು.

"ಮಗೂಗೆ ಮೊಲೆ ಹೆಂಗ್ ಬುಡಿಸ್ತೀವಿ ಮಾಮಾ? ಬ್ಯಾವು ಪೂಸ್ತೀವಿ. ನಮ್ಮ ಚೆಲ್ಲಮ್ಮಾಳ್ಗೆ ನಾನೂ ಅದ್ನೇ ಮಾಡಿದ್ದು. ಬಾಯಿ ಹಾಕಿ, ಕಹಿ ಆಗಿ, ನನ್ನೇ ನೋಡ್ಕಂಡು ಅತ್ತಳು. ಆಮೇಲೆ ಕೇಳ್ಲೇ ಇಲ್ಲ."

"ಬ್ಯಾವು ಅದು ಮೇಯೋ ಸೊಪ್ಪು, ಪುಳ್ಳೆ. ಅದಕ್ಕೆ ಕಹಿ ಏನ್ ಲೆಕ್ಕ?"

"ಹಂಗಾದ್ರೆ ಕಾರ."

ಅವನು ತಲೆ ಎತ್ತಿ ಅವಳನ್ನು ನೋಡಿದ. ಅವಳ ಕಣ್ಣು ತುಂಬಿತ್ತು.

"ಅದು ನನ್ನ ಕೈ ನಂಬ್ತದೆ ಪುಳ್ಳೆ," ಎಂದ.

"ನಂಬೋದ್ರಿಂದ್ಲೇ ಸಾಯ್ತದೆ ಮಾಮಾ."

ಬೆಟ್ಟದಲ್ಲಿ ಬೆಳೆಯುವ ಸಣ್ಣ ಮೆಣಸಿನಕಾಯಿ ಗೊತ್ತಲ್ಲ, ಅಕ್ಕಿಕಾಳಿಗಿಂತ ಒಂದಿಷ್ಟು ದೊಡ್ಡದು, ಒಂದು ಕಚ್ಚಿದರೆ ನೆತ್ತಿ ಹಾರುತ್ತದೆ. ವೀರಮ್ಮಾಳ್ ಅದನ್ನು ಒಂದು ಹಿಡಿ ಅರೆದು ಕೊಟ್ಟಳು. ಬೆಳಗಾಗುತ್ತಲೇ ಅಯ್ಯಾವು ಬೋಡಿಗೆ ಹೋಗಿ ಸವರಿಮುತ್ತುವಿನಿಂದ ಎರಡು ರೊಟ್ಟಿ ಕೇಳಿ ತಂದ. ಯಾಕೆ ಎಂದು ಸವರಿಮುತ್ತು ಕೇಳಲಿಲ್ಲ. ಒಲೆಯಿಂದ ಆಗತಾನೆ ತೆಗೆದದ್ದನ್ನು ಕೊಟ್ಟ. ಹಳ್ಳದ ಬದಿಗೆ ಬಂದು, ಒಂದು ರೊಟ್ಟಿಯನ್ನು ಸೀಳಿ ತಿರುಳಿನ ತುಂಬ ಕಾರ ಬಳಿದು ಮುಚ್ಚಿದ. ಕೈ ಉರಿಯಿತು. ಸಿಂಬಿ ತಲೆಗಿಟ್ಟುಕೊಂಡು ಕಾದು ಕೂತ. ಕರುವನ್ನು ಮೊದಲು ಕಂಡ ಜಾಗವೇ ಅದು. ಬೇಕೆಂದೇ ಅಲ್ಲಿ ಕೂತನೋ, ಕಾಲು ತಾನಾಗಿ ಅಲ್ಲಿಗೆ ಬಂತೋ, ಅವನಿಗೇ ಗೊತ್ತಿರಲಿಲ್ಲ.

ಗಂಟೆಯ ಸದ್ದು ಬಂತು. ಮಯಿಲ ಪೊದೆಯಿಂದ ಈಚೆ ಬಂದು, ಅವನನ್ನು ಕಂಡು, ಓಡೋಡಿಯೇ ಬಂತು. ಅಷ್ಟು ದೊಡ್ಡ ಮೈಯನ್ನು ಹೊತ್ತುಕೊಂಡು ಕರುವಿನ ಹಾಗೆ ಓಡಿ ಬಂದದ್ದನ್ನು ನೋಡಿದರೆ ಕಲ್ಲೂ ಕರಗಬೇಕು. ಹಣೆಯನ್ನು ಅವನ ಎದೆಗೆ ಒತ್ತಿತು. ಎಷ್ಟು ದಿನದಿಂದ ಕೊಡಲಿಲ್ಲ ಎಂದು ಕೇಳುವಂತೆ ಅವನ ಕೈ ನೆಕ್ಕಿತು. ಅಯ್ಯಾವು ಮುಖ ಆಚೆ ತಿರುಗಿಸಿಕೊಂಡು ರೊಟ್ಟಿಯನ್ನು ಚಾಚಿದ. ಅದು ಒಂದೇ ತುತ್ತಿಗೆ ತೆಗೆದುಕೊಂಡಿತು.

ಒಂದೆರಡು ಸಲ ಅಗಿಯಿತು. ಆಮೇಲೆ ನಿಂತಿತು. ತಲೆ ಒದರಿತು, ನಾಲಿಗೆ ಹೊರಗೆ ಹಾಕಿತು, ಬಾಯಿಂದ ಜೊಲ್ಲು ಸುರಿಯಿತು, ಕಣ್ಣಲ್ಲಿ ದಳದಳ ನೀರು. ಬುಸುಗುಟ್ಟುತ್ತಾ ಹಳ್ಳಕ್ಕೆ ಓಡಿ ನೀರಿನಲ್ಲಿ ಮೂತಿ ಮುಳುಗಿಸಿತು. ಕುಡಿದು, ಎದ್ದು, ಮತ್ತೆ ಮುಳುಗಿಸಿತು. ಅಯ್ಯಾವು ತನ್ನ ಉರಿಯುವ ಕೈಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಿಂತಿದ್ದ. ಅದು ತಲೆ ಎತ್ತಿ, ಮೂತಿಯಿಂದ ನೀರು ತೊಟ್ಟಿಕ್ಕುತ್ತಾ, ಅವನ ಕಡೆ ನೋಡಿತು. ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಇನ್ನೂ ಒಂದು ಕೆಲಸ ಉಳಿದಿತ್ತು. ಎರಡನೆಯ ರೊಟ್ಟಿಗೆ ಅವನು ಏನೂ ಬಳಿದಿರಲಿಲ್ಲ. ಕೈಯನ್ನು ಮಣ್ಣು ಹಚ್ಚಿ ತೊಳೆದು, ಅದನ್ನು ಎಲೆಯ ಮೇಲಿಟ್ಟು ಹಿಡಿದುಕೊಂಡು ಹತ್ತಿರ ಹೋದ. ಬಿಸಿ ಆರದ ಒಳ್ಳೆಯ ರೊಟ್ಟಿ. "ಬಾ," ಎಂದ. ಮಯಿಲ ಒಂದು ಹೆಜ್ಜೆ ಮುಂದಿಟ್ಟಿತು, ಮೂಸಿತು. ಹೊಳ್ಳೆ ನಡುಗಿತು. ಹಿಂದಕ್ಕೆ ಸರಿಯಿತು, ಇನ್ನೂ ಹಿಂದಕ್ಕೆ ಸರಿಯಿತು, ತಿರುಗಿ ಮಂದೆಯ ಕಡೆ ಹೊರಟು ಹೋಯಿತು. ಅವನಿಗೆ ಬೇಕಾಗಿದ್ದದ್ದು ಇದೇ ಅಲ್ಲವೇ! ಇದಕ್ಕೇ ಅಲ್ಲವೇ ಬಂದದ್ದು! ಅಯ್ಯಾವು ಹಳ್ಳದ ಕಲ್ಲಿನ ಮೇಲೆ ಕುಸಿದು ಕೂತು, ಎತ್ತು ಕಮರಿಗೆ ಬಿದ್ದ ದಿನವೂ ಅಳದಷ್ಟು ಅತ್ತ.

ಆಮೇಲೆ ಮಯಿಲ ದಾರಿಗೆ ಬರಲಿಲ್ಲ. ಕಿಡಂಗಿನ ಕಡೆಗೂ ಸುಳಿಯಲಿಲ್ಲ. ಮಂದೆಯ ಮುಂದೆ ಗತ್ತಿನಿಂದ ನಡೆಯತೊಡಗಿತು. ಕರುಪ್ಪಯ್ಯ ಗೌಡ ಮತ್ತೆ ಕೂಟ ಸೇರಿಸಿ, ಅಯ್ಯಾವು ಮಾತಿಗೆ ತಲೆಬಾಗಿದ್ದಕ್ಕೆ ದೇವರು ಒಲಿದಿದ್ದಾನೆ, ದಾರಿ ಬಿಟ್ಟಿದ್ದಾನೆ, ಇನ್ನು ಬುಟ್ಟಿ ಹೊರಬಹುದು ಎಂದು ಹೇಳಿದ. ಮೊದಲು ಕಂಡಷ್ಟೇ ಸ್ಪಷ್ಟವಾಗಿ ದೇವರ ಮನಸ್ಸು ಅವನಿಗೆ ಈಗಲೂ ಕಂಡಿತ್ತು. ಅಯ್ಯಾವು ಕೈ ಮುಗಿದು ಬುಟ್ಟಿ ಎತ್ತಿಕೊಂಡ.

ತೈ ತಿಂಗಳಲ್ಲಿ ಪೊಂಗಲಿನ ಮಾರನೆಯ ದಿನ ಪಟ್ಟದ ಗೂಳಿ ಹಟ್ಟಿಯ ಮನೆ ಮನೆಗೆ ಬರುತ್ತದೆ. ಮನೆಯೊಡೆಯ ಅದರ ಹಣೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು, ಅದು ಅವನ ಕೈಯಿಂದ ಬೆಲ್ಲದನ್ನ ತಿನ್ನಬೇಕು. ವರ್ಷಕ್ಕೆ ಅದೊಂದು ಸಲ ಮುಟ್ಟಿದರೆ ಸಾಕು, ಮನೆ ತಣ್ಣಗಿರುತ್ತದೆ ಎಂದು ನಂಬಿಕೆ. ಅಯ್ಯಾವು ನಸುಕಿನಲ್ಲೇ ಮುಳುಗಿ ಬಂದು, ಹೊಸ ಪಂಚೆ ಉಟ್ಟು, ಬಾಳೆ ಎಲೆಯಲ್ಲಿ ಬೆಲ್ಲದನ್ನ ಹಿಡಿದು ಅಂಗಳದಲ್ಲಿ ನಿಂತಿದ್ದ. ಸಿಂಬಿಯನ್ನು ಮರಕ್ಕೇ ಬಿಟ್ಟು ಬಂದಿದ್ದ; ಈ ಸಲ ಮರೆತಿರಲಿಲ್ಲ. ಪಕ್ಕದಲ್ಲಿ ವೀರಮ್ಮಾಳ್ ಅರಿಶಿನದ ನೀರು ಹಿಡಿದು ನಿಂತಿದ್ದಳು.

ಮಯಿಲ ಪಕ್ಕದ ಮನೆಯಲ್ಲಿ ತಿಂದು, ಗಂಟೆ ಆಡಿಸುತ್ತಾ ಇವರ ಅಂಗಳಕ್ಕೆ ಬಂತು. ಅಯ್ಯಾವು ಕೈ ಚಾಚಿದ. ಅದು ನಿಂತಿತು. ಅವನ ಕೈಯನ್ನು ದೂರದಿಂದಲೇ ಮೂಸಿತು. ಅನ್ನವನ್ನಲ್ಲ, ಕೈಯನ್ನು. ಬುಸ್ ಎಂದು ಉಸಿರು ಬಿಟ್ಟು, ಮುಖ ತಿರುಗಿಸಿ, ಮುಂದಿನ ಮನೆಗೆ ಹೊರಟಿತು. ಜನ ಗುಸುಗುಸು ಎಂದರು. ಪೆರಿಯಣ್ಣನ್‌ನ ಮುಖ ಸಣ್ಣದಾಯಿತು.

"ಏನ್ಲಾ ಇದು ತಂಬಿ? ನೀ ಬದುಕ್ಸಿದ ಹೋರಿ, ನಿನ್ ಕೈಲೇ ತಿನ್ನಾಕಿಲ್ಲ ಅಂತದೆ! ನಿನ್ ಮ್ಯಾಲೆ ಅದಕ್ಕೇನು ಕೋಪ?"

"ಕೋಪ ಇರ್ಲಿ ಬುಡಣ್ಣಾ," ಎಂದ ಅಯ್ಯಾವು. "ಚೆನ್ನಾಗದಲ್ಲ, ಅಷ್ಟು ಸಾಕು."

ಮಾರನೆಯ ಬೆಳಗ್ಗೆ ಬುಟ್ಟಿ ಹೊತ್ತು ಬೆಟ್ಟಕ್ಕೆ ಹೊರಟವನು ಹಳ್ಳದ ಹತ್ತಿರ ನಿಂತ. ಬುಟ್ಟಿ ಇಳಿಸಿ ಮುಚ್ಚಳ ತೆಗೆದ. ಒಂದು ರೊಟ್ಟಿಯ ಮೂಲೆ ಮುರಿದು ಬಾಯಿಗಿಟ್ಟುಕೊಂಡ. ತಾನು ಇಷ್ಟು ವರ್ಷ ಹೊತ್ತದ್ದು, ಅದು ಇಷ್ಟು ದಿನ ದಾರಿ ಕಾದು ನಿಂತದ್ದು ಯಾವ ರುಚಿಗೆ ಎಂದು ಅವನಿಗೆ ತಿಳಿಯಬೇಕಾಗಿತ್ತು. ಒಂದಿಷ್ಟು ಹುಳಿ, ಒಂದಿಷ್ಟು ಸಪ್ಪೆ, ಬಾಯಲ್ಲಿ ನೀರಾಗುವ ಒಣ ಹಿಟ್ಟು. ಅಷ್ಟೇ. ಅವನು ಮತ್ತೊಮ್ಮೆ ಅಗಿದು ನೋಡಿದ. ಇದಕ್ಕಾಗಿ ಅಷ್ಟು ದೊಡ್ಡ ಹೋರಿ ಓಡಿ ಬರುತ್ತಿರಲಿಲ್ಲ ಎಂದು ಅವನಿಗೆ ಆಗ ತಿಳಿಯಿತು. ಮೇಲಿನ ಮೇವುಗಾವಲಿನಲ್ಲಿ ಗಂಟೆ ಕೇಳಿಸುತ್ತಿತ್ತು. ಅವನು ಬಾಯಲ್ಲಿದ್ದದ್ದನ್ನು ನುಂಗಿ, ಸಿಂಬಿ ಸರಿಮಾಡಿಕೊಂಡು, ಬುಟ್ಟಿ ಎತ್ತಿ ಬೆಟ್ಟ ಹತ್ತಿದ.